ಉದ್ಯೋಗಕ್ಕಾಗಿ ಸ್ವವಿವರ ರಚನೆ

ಸ್ವವಿವರ ಅಥವಾ ರೆಸ್ಯೂಮೆ ಎಂಬುದು ಉದ್ಯೋಗಾಕಾಂಕ್ಷಿಯೊಬ್ಬರು ತಮ್ಮ ವಿದ್ಯಾಭ್ಯಾಸ, ಕೆಲಸದ ಅನುಭವ, ಕೌಶಲ ಹಾಗೂ ಸಂಪರ್ಕದ ವಿವರಗಳನ್ನು ಒಂದೆರಡು ಪುಟಗಳಲ್ಲಿ ಸಂಗ್ರಹಿಸಿ ಉದ್ಯೋಗದಾತರಿಗೆ ಸಲ್ಲಿಸುವ ದಾಖಲೆ. ಆಡುಮಾತಿನಲ್ಲಿ ಇದನ್ನು ಬಯೋಡೇಟಾ ಎಂದೂ ಕರೆಯುತ್ತಾರೆ. ಸ್ವವಿವರವೊಂದರಿಂದಲೇ ಉದ್ಯೋಗ ದೊರೆಯುವುದು ಅಪರೂಪ. ಬಂದ ಅರ್ಜಿಗಳ ರಾಶಿಯಿಂದ ಅಭ್ಯರ್ಥಿಯನ್ನು ಸಂದರ್ಶನದ ಪಟ್ಟಿಗೆ ತಲುಪಿಸುವುದಷ್ಟೇ ಅದರ ಕೆಲಸ. ಈ ಲೇಖನವು ಸ್ವವಿವರ ರಚನೆಯ ಸಾಮಾನ್ಯ ತತ್ತ್ವಗಳನ್ನು ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲೂಕುಗಳ ಉದ್ಯೋಗಾಕಾಂಕ್ಷಿಗಳ ಸನ್ನಿವೇಶದೊಂದಿಗೆ ವಿವರಿಸುತ್ತದೆ.

ಹೆಸರು ಮತ್ತು ಹಿನ್ನೆಲೆ

ರೆಸ್ಯೂಮೆ ಎಂಬುದು ಫ್ರೆಂಚ್ ಮೂಲದ ಪದ. ಅದರ ಅರ್ಥ ಸಾರಾಂಶ. ಕರಿಕ್ಯುಲಮ್ ವೀಟೆ ಅಥವಾ ಸಿ.ವಿ. ಎಂಬುದು ಲ್ಯಾಟಿನ್ ಮೂಲದ್ದು. ಬದುಕಿನ ಹಾದಿ ಎಂಬುದು ಅದರ ಭಾವ. ಅಮೆರಿಕದಲ್ಲಿ ಸಂಶೋಧನೆ ಮತ್ತು ಬೋಧನೆಯ ಹುದ್ದೆಗಳಿಗೆ ಸಲ್ಲಿಸುವ ದೀರ್ಘ ದಾಖಲೆಯನ್ನು ಸಿ.ವಿ. ಎನ್ನುವುದು ವಾಡಿಕೆ. ಭಾರತದಲ್ಲಿ ಈ ಎರಡು ಪದಗಳು ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಬಳಕೆಯಾಗುತ್ತವೆ. ಬಯೋಡೇಟಾ ಎಂಬ ಪದಕ್ಕೆ ಕರ್ನಾಟಕದಲ್ಲಿ ಇನ್ನೊಂದು ಬಳಕೆಯೂ ಇದೆ. ವಧೂವರರ ವಿವರಪತ್ರವನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ತಂದೆಯ ಉದ್ಯೋಗ, ಜಾತಿ, ಎತ್ತರ ಮುಂತಾದ ವಿಷಯಗಳು ಉದ್ಯೋಗದ ಬಯೋಡೇಟಾದಲ್ಲೂ ಕಾಣಿಸಿಕೊಳ್ಳುವುದರಲ್ಲಿ ಈ ಹೆಸರಿನ ಪಾಲೂ ಇರಬಹುದು.

ಸುಮಾರು 1482ರಲ್ಲಿ ಲಿಯನಾರ್ಡೊ ಡ ವಿಂಚಿ ಮಿಲಾನಿನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾನಿಗಾಗಿ ಸಿದ್ಧಪಡಿಸಿದ ಪತ್ರವನ್ನು ಅನೇಕರು ಮೊದಲ ಸ್ವವಿವರವೆಂದು ಉಲ್ಲೇಖಿಸುತ್ತಾರೆ. ಈ ಪತ್ರದ ಬಹುಭಾಗ ಸಾಗಿಸಬಹುದಾದ ಸೇತುವೆ, ಫಿರಂಗಿ ಮತ್ತು ಮುತ್ತಿಗೆಯ ಸಾಧನಗಳನ್ನು ಕುರಿತದ್ದು. ಚಿತ್ರಕಲೆಯ ಮಾತು ಬರುವುದು ಕೊನೆಗೆ. ಯುದ್ಧದ ಭೀತಿಯಲ್ಲಿದ್ದ ಆಡಳಿತಗಾರನಿಗೆ ಏನು ಬೇಕಿತ್ತೋ ಅದನ್ನು ಮುಂದಿಟ್ಟದ್ದರಿಂದ ಈ ಪತ್ರ ಇಂದಿಗೂ ಮಾದರಿಯಾಗಿ ಉಳಿದಿದೆ. ಹಳೆಯ ಕನ್ನಡ ಕಚೇರಿ ಭಾಷೆಯಲ್ಲಿ ಹುದ್ದೆ ಬಯಸುವವನನ್ನು ಉಮೇದುವಾರ ಎನ್ನುತ್ತಿದ್ದರು. ಆತ ಕೈಬರಹದ ಅರ್ಜಿ ಸಲ್ಲಿಸುತ್ತಿದ್ದ. ಇಂದಿನ ಸ್ವವಿವರಗಳ ಕೊನೆಯಲ್ಲಿ ಕಾಣುವ ‘ಮೇಲ್ಕಂಡ ವಿವರಗಳು ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಸಾಲು, ಸ್ಥಳ, ದಿನಾಂಕ ಮತ್ತು ಸಹಿ ಆ ಅರ್ಜಿಯ ಶೈಲಿಯನ್ನು ನೆನಪಿಸುತ್ತವೆ. ಖಾಸಗಿ ಸಂಸ್ಥೆಗಳು ಇದನ್ನು ಕಡ್ಡಾಯವಾಗಿ ಕೇಳುವುದು ಕಡಿಮೆ. ಜಾಗವಿದ್ದರೆ ಇಟ್ಟುಕೊಳ್ಳುವುದರಿಂದ ಹಾನಿಯೇನೂ ಇಲ್ಲ.

ಸ್ವವಿವರ ಎಲ್ಲಿ ಬೇಕು, ಎಲ್ಲಿ ಬೇಡ

ಎಲ್ಲ ಉದ್ಯೋಗಗಳಿಗೂ ಸ್ವವಿವರ ಬೇಕಾಗುವುದಿಲ್ಲ. ಕರ್ನಾಟಕ ಲೋಕಸೇವಾ ಆಯೋಗ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮುಂತಾದವು ನಿಗದಿತ ನಮೂನೆಯ ಆನ್‌ಲೈನ್ ಅರ್ಜಿಯನ್ನು ಪಡೆದು ಪರೀಕ್ಷೆಯ ಮೂಲಕ ಆಯ್ಕೆ ನಡೆಸುತ್ತವೆ. ಗ್ರಾಮೀಣ ಅಭ್ಯರ್ಥಿ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗೆ ಬೆಲೆ ಇರುವುದು ಅಲ್ಲಿ. 1982ರಲ್ಲಿ ಸ್ಥಾಪನೆಯಾದ, ಇಸ್ರೋಗೆ ಸೇರಿದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರವೂ ತಂತ್ರಜ್ಞರ ಹುದ್ದೆಗಳಿಗೆ ಜಾಹೀರಾತು ನೀಡಿ ಅರ್ಜಿ ಆಹ್ವಾನಿಸುತ್ತದೆ. ಇಂತಹ ಕಡೆ ಎಷ್ಟು ಅಂದವಾದ ಸ್ವವಿವರ ಕಳುಹಿಸಿದರೂ ಪ್ರಯೋಜನವಿಲ್ಲ.

ಖಾಸಗಿ ಕ್ಷೇತ್ರದಲ್ಲಿ ಹಾಗಲ್ಲ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಜವಳಿ ಮತ್ತು ಸಿದ್ಧ ಉಡುಪಿನ ದೊಡ್ಡ ಘಟಕಗಳಿವೆ; ಹಿಮತ್‌ಸಿಂಗ್ಕಾ ಸಂಸ್ಥೆಯ ಹಾಸಿಗೆ ಹೊದಿಕೆಗಳ ಕಾರ್ಖಾನೆ ಅವುಗಳಲ್ಲೊಂದು. ಆಸ್ಪತ್ರೆ, ಖಾಸಗಿ ಶಾಲೆ, ಹಣಕಾಸು ಸಂಸ್ಥೆ, ವಾಹನ ಮಾರಾಟ ಮಳಿಗೆ ಮತ್ತು ಲೆಕ್ಕಪರಿಶೋಧಕರ ಕಚೇರಿಗಳು ಜಿಲ್ಲೆಯೊಳಗಿನ ಉಳಿದ ಉದ್ಯೋಗದಾತರು. ಆದರೂ ಪದವಿ ಮುಗಿಸಿದ ಬಹಳಷ್ಟು ಮಂದಿಯ ನೋಟ ಸುಮಾರು 185 ಕಿಲೋಮೀಟರ್ ದೂರದ ಬೆಂಗಳೂರಿನ ಕಡೆಗೆ ಅಥವಾ ಮೈಸೂರಿನ ಕಡೆಗೆ ಇರುತ್ತದೆ. ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಹಾದುಹೋಗುವ ಬೆಂಗಳೂರು–ಹಾಸನ ನೇರ ರೈಲುಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಈ ಓಡಾಟ ಸುಲಭವಾಯಿತು. ಹೊಳೆನರಸೀಪುರ ಮೈಸೂರು–ಹಾಸನ ರೈಲುಮಾರ್ಗದಲ್ಲಿದೆ. ಅರಕಲಗೂಡಿನವರಿಗೆ ಇಂದಿಗೂ ಬಸ್ಸೇ ಆಧಾರ. ಸಂದರ್ಶನಕ್ಕೆ ಹೋಗಿಬರಲು ಒಂದು ಇಡೀ ದಿನ ಮತ್ತು ನೂರಾರು ರೂಪಾಯಿ ವೆಚ್ಚವಾಗುವ ಕಡೆಯವರಿಗೆ, ತಮಗೆ ಹೊಂದುವ ಹುದ್ದೆಗೆ ಮಾತ್ರ ಕರೆ ಬರುವಂತೆ ಸ್ವವಿವರ ಬರೆಯುವುದು ಹಣದ ಪ್ರಶ್ನೆಯೂ ಹೌದು.

ಖಾಲಿ ಹುದ್ದೆಗಳ ಮಾಹಿತಿ ಪಡೆಯಲು ಹಲವು ದಾರಿಗಳಿವೆ. 1959ರ ಕೇಂದ್ರ ಕಾಯ್ದೆಯು 25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕೆಂಬ ಪದ್ಧತಿಯನ್ನು ತಂದಿತು. 2015ರಲ್ಲಿ ಕೇಂದ್ರ ಸರ್ಕಾರ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣವನ್ನು ಆರಂಭಿಸಿತು. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ಜಾಲತಾಣವೂ ಇದೆ. ಕಾಲೇಜುಗಳ ಉದ್ಯೋಗ ಕೋಶಗಳು ಮತ್ತು ಉದ್ಯೋಗ ಮೇಳಗಳು ಸ್ವವಿವರವನ್ನು ನೇರವಾಗಿ ಕೈಗೆ ಕೊಡುವ ಸ್ಥಳಗಳು. ಮೇಳಕ್ಕೆ ಹೋಗುವವರು ಎಂಟು ಹತ್ತು ಪ್ರತಿಗಳನ್ನು ಒಯ್ಯುವುದು ಒಳ್ಳೆಯದು.

ಓದುವವರ ಕಡೆಯಿಂದ

ನೇಮಕಾತಿ ವಿಭಾಗದವರು ಒಂದು ಸ್ವವಿವರಕ್ಕೆ ಮೊದಲ ಸುತ್ತಿನಲ್ಲಿ ಕೊಡುವ ಸಮಯ ಬಹಳ ಕಡಿಮೆ. ಅಮೆರಿಕದ ದಿ ಲ್ಯಾಡರ್ಸ್ ಎಂಬ ಉದ್ಯೋಗ ಜಾಲತಾಣವು ಕಣ್ಣಿನ ಚಲನೆಯನ್ನು ಅಳೆದು 2012ರಲ್ಲಿ ಇದು ಸುಮಾರು 6 ಸೆಕೆಂಡ್ ಎಂದೂ 2018ರಲ್ಲಿ 7.4 ಸೆಕೆಂಡ್ ಎಂದೂ ಹೇಳಿತು. ಇದು ವಾಣಿಜ್ಯ ಸಂಸ್ಥೆಯೊಂದು ಸಣ್ಣ ಗುಂಪಿನ ಮೇಲೆ ನಡೆಸಿದ ಪ್ರಯೋಗವಾದುದರಿಂದ ಸೆಕೆಂಡುಗಳ ಲೆಕ್ಕವನ್ನು ಅಕ್ಷರಶಃ ಹಿಡಿಯಬೇಕಾಗಿಲ್ಲ. ಓದುವವರು ಮೊದಲು ಹುದ್ದೆಯ ಹೆಸರು, ಸಂಸ್ಥೆ, ಅವಧಿ ಮತ್ತು ವಿದ್ಯಾರ್ಹತೆಗಳ ಮೇಲೆ ಕಣ್ಣು ಹಾಯಿಸುತ್ತಾರೆಂಬುದು ಮಾತ್ರ ಗಮನಾರ್ಹ. ಈ ವಿವರಗಳು ಪುಟದ ಮೇಲಿನ ಅರ್ಧಭಾಗದಲ್ಲಿಯೇ ಸಿಗಬೇಕು.

ದೊಡ್ಡ ಸಂಸ್ಥೆಗಳಲ್ಲಿ ಮನುಷ್ಯರಿಗಿಂತ ಮೊದಲು ಅರ್ಜಿ ನಿರ್ವಹಣಾ ತಂತ್ರಾಂಶ ಸ್ವವಿವರವನ್ನು ಓದುತ್ತದೆ. ಅದು ಪಠ್ಯವನ್ನು ಹೊರತೆಗೆದು ಹುದ್ದೆಯ ವಿವರಣೆಯಲ್ಲಿರುವ ಪದಗಳಿಗಾಗಿ ಹುಡುಕಲು ನೆರವಾಗುತ್ತದೆ. ಜಾಹೀರಾತಿನಲ್ಲಿ ‘ಟ್ಯಾಲಿ’, ‘ಜಿಎಸ್‌ಟಿ ರಿಟರ್ನ್’ ಎಂದಿದ್ದರೆ, ಆ ಕೆಲಸ ಬಲ್ಲವರು ಅದೇ ಪದಗಳನ್ನು ಬಳಸಬೇಕು. ‘ಕಂಪ್ಯೂಟರ್ ಜ್ಞಾನವಿದೆ’ ಎಂದರೆ ಸಾಲದು. ಚಿತ್ರದೊಳಗೆ ಸೇರಿಸಿದ ಅಕ್ಷರಗಳು, ಜಟಿಲ ಕೋಷ್ಟಕಗಳು, ಕೌಶಲವನ್ನು ನಕ್ಷತ್ರಗಳಲ್ಲಿ ತೋರಿಸುವ ಅಲಂಕಾರಗಳು ತಂತ್ರಾಂಶಕ್ಕೆ ಸರಿಯಾಗಿ ಸಿಗದೆ ಹೋಗಬಹುದು.

ಹೆಸರು, ಊರು, ದೂರವಾಣಿ

ಹಳೆ ಮೈಸೂರು ಭಾಗದಲ್ಲಿ ಕುಟುಂಬದ ಹೆಸರಿನ ಬದಲು ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಬಳಸುವ ರೂಢಿ ಇದೆ. ಹೊಳೆನರಸೀಪುರ ತಾಲೂಕಿನ ಹರದನಹಳ್ಳಿಯವರಾದ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರ ಹೆಸರಿನಲ್ಲಿ ‘ಎಚ್’ ಊರನ್ನೂ ‘ಡಿ’ ತಂದೆ ದೊಡ್ಡೇಗೌಡರನ್ನೂ ಸೂಚಿಸುತ್ತದೆ. ಉದ್ಯೋಗ ಜಾಲತಾಣಗಳು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಅಂಕಣಗಳನ್ನು ಕೇಳಿದಾಗ ಈ ಭಾಗದ ಅಭ್ಯರ್ಥಿಗಳು ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ತುಂಬುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್ ಮತ್ತು ಬ್ಯಾಂಕ್ ಖಾತೆಗಳಲ್ಲಿ ಹೆಸರು ಬೇರೆಬೇರೆಯಾಗಿದ್ದರೆ ಸಂದರ್ಶನದಲ್ಲಿ ಗೆದ್ದ ಮೇಲೂ ದಾಖಲೆ ಪರಿಶೀಲನೆಯ ಹಂತದಲ್ಲಿ ಕೆಲಸ ವಿಳಂಬವಾಗಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಎಲ್ಲೆಡೆ ಬಳಸುವುದು ಸುರಕ್ಷಿತ ಮಾರ್ಗ. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಈ ಮೂರು ಊರುಗಳ ಹೆಸರುಗಳಿಗೂ ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ಕಾಗುಣಿತಗಳು ಚಾಲ್ತಿಯಲ್ಲಿವೆ. ಒಂದನ್ನು ಆರಿಸಿಕೊಂಡು ಅದನ್ನೇ ಉಳಿಸಿಕೊಳ್ಳಬೇಕು.

ವಿಳಾಸದಲ್ಲಿ ಊರು, ತಾಲೂಕು, ಜಿಲ್ಲೆ ಇದ್ದರೆ ಸಾಕು. ಬೆಂಗಳೂರಿನ ಹುದ್ದೆಗೆ ಅರ್ಜಿ ಸಲ್ಲಿಸುವವರು ‘ಬೆಂಗಳೂರಿಗೆ ಬಂದು ನೆಲೆಸಲು ಸಿದ್ಧ’ ಎಂಬ ಒಂದು ಸಾಲನ್ನು ಸೇರಿಸಿದರೆ, ದೂರದ ಅಭ್ಯರ್ಥಿ ಬರುವುದಿಲ್ಲವೇನೋ ಎಂಬ ಅನುಮಾನ ಆರಂಭದಲ್ಲೇ ನಿವಾರಣೆಯಾಗುತ್ತದೆ. ಸಂದರ್ಶನದ ಕರೆ ಬಹುಪಾಲು ದೂರವಾಣಿಯಲ್ಲೇ ಬರುತ್ತದೆ. ಸಿಗ್ನಲ್ ಸಿಗದ ಹಳ್ಳಿಗಳಿರುವ ಕಡೆ, ಅಥವಾ ರೀಚಾರ್ಜ್ ಮುಗಿದು ಸಂಖ್ಯೆಯೇ ನಿಂತುಹೋಗುವ ಸಂದರ್ಭದಲ್ಲಿ, ಮನೆಯವರ ಇನ್ನೊಂದು ಸಂಖ್ಯೆಯನ್ನೂ ಕೊಡುವುದು ಉಪಯುಕ್ತ. ಆ ಸಂಖ್ಯೆಯವರಿಗೆ ಮೊದಲೇ ವಿಷಯ ತಿಳಿಸಿರಬೇಕು. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನು ಸ್ವವಿವರದಲ್ಲಿ ಬರೆಯಬಾರದು.

ವಿದ್ಯಾಭ್ಯಾಸದ ವಿವರ

ಇತ್ತೀಚಿನ ವಿದ್ಯಾರ್ಹತೆ ಮೊದಲು, ಹಿಂದಿನವು ನಂತರ ಎಂಬ ಕ್ರಮ ಸಾರ್ವತ್ರಿಕವಾಗಿದೆ. ಹೊಸದಾಗಿ ಓದು ಮುಗಿಸಿದವರು ಈ ಭಾಗವನ್ನು ಅನುಭವಕ್ಕಿಂತ ಮೇಲೆ ಇಡುತ್ತಾರೆ. ಎರಡು ಮೂರು ವರ್ಷ ಕೆಲಸ ಮಾಡಿದವರು ಕೆಳಗೆ ಇಡುತ್ತಾರೆ. ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆ 625 ಅಂಕಗಳಿಗೂ ದ್ವಿತೀಯ ಪಿಯುಸಿ 600 ಅಂಕಗಳಿಗೂ ನಡೆಯುವುದು ರಾಜ್ಯದ ಹೊರಗಿನವರಿಗೆ ತಿಳಿದಿರಬೇಕೆಂದಿಲ್ಲ. ಶೇಕಡಾವಾರು ಬರೆದು, ಪಿಯುಸಿಯನ್ನು 12ನೇ ತರಗತಿಗೆ ಸಮಾನವೆಂದು ಸೂಚಿಸುವುದು ಉತ್ತಮ.

ಸಂಸ್ಥೆಗಳ ಹೆಸರನ್ನು ಪ್ರಮಾಣಪತ್ರದಲ್ಲಿರುವಂತೆಯೇ ಬರೆಯಬೇಕು. ಹಾಸನ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2023ರಲ್ಲಿ. ಅದಕ್ಕೆ ಮೊದಲು ಜಿಲ್ಲೆಯ ಪದವಿ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಒಂದೇ ಕಾಲೇಜಿನಲ್ಲಿ ಓದಿದ ಅಕ್ಕತಂಗಿಯರ ಪದವಿ ಪತ್ರಗಳಲ್ಲಿ ಬೇರೆಬೇರೆ ವಿಶ್ವವಿದ್ಯಾಲಯಗಳ ಹೆಸರಿರಲು ಸಾಧ್ಯ. ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಮತ್ತು ಪದವಿಪೂರ್ವ ಪರೀಕ್ಷಾ ವ್ಯವಸ್ಥೆಗಳು 2022ರಲ್ಲಿ ಒಂದುಗೂಡಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾದುದನ್ನೂ ನೆನಪಿಡಬೇಕು. 1960ರಲ್ಲಿ ಆರಂಭವಾದ ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಶ್ರವಣಬೆಳಗೊಳದ ಬಾಹುಬಲಿ ಎಂಜಿನಿಯರಿಂಗ್ ಕಾಲೇಜು ಮುಂತಾದವುಗಳ ಪದವೀಧರರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹೆಸರನ್ನೂ ಸೇರಿಸುತ್ತಾರೆ. ಸಿಜಿಪಿಎಯನ್ನು ಶೇಕಡಾವಾರಿಗೆ ಪರಿವರ್ತಿಸುವಾಗ ತಮ್ಮ ಪ್ರವೇಶ ವರ್ಷಕ್ಕೆ ಅನ್ವಯಿಸುವ ಸೂತ್ರವನ್ನೇ ಬಳಸಬೇಕು.

ಬಾಕಿ ಉಳಿದ ವಿಷಯಗಳನ್ನು ಸ್ವವಿವರದಲ್ಲಿ ಸಾರಬೇಕಾಗಿಲ್ಲ. ಆದರೆ ಪದವಿ ಮುಗಿದಿದೆ ಎಂದು ಬರೆಯುವಂತಿಲ್ಲ. ‘ಅಂತಿಮ ಫಲಿತಾಂಶ ಬಾಕಿ’ ಎಂಬುದು ಪ್ರಾಮಾಣಿಕವೂ ಸ್ವೀಕಾರಾರ್ಹವೂ ಆದ ನುಡಿ.

ಅನುಭವವನ್ನು ಬರೆಯುವುದು

ಸ್ವವಿವರದ ಪರಿಣಾಮ ಬಹುಮಟ್ಟಿಗೆ ಈ ಭಾಗದ ಮೇಲೆ ನಿಂತಿದೆ. ಗ್ರಾಮೀಣ ಹಿನ್ನೆಲೆಯ ವಿದ್ಯಾರ್ಥಿಗಳು ಹೆಚ್ಚು ಕಳೆದುಕೊಳ್ಳುವುದೂ ಇಲ್ಲಿಯೇ. ಝೆರಾಕ್ಸ್ ಅಂಗಡಿಯ ಅಥವಾ ಸೈಬರ್ ಕೇಂದ್ರದ ಕಂಪ್ಯೂಟರಿನಲ್ಲಿ ಸಿದ್ಧವಿರುವ ನಮೂನೆಯೊಂದರಲ್ಲಿ ಹೆಸರು ಬದಲಿಸಿ ಮುದ್ರಿಸಿಕೊಳ್ಳುವ ಪದ್ಧತಿ ಸಣ್ಣ ಊರುಗಳಲ್ಲಿ ವ್ಯಾಪಕವಾಗಿದೆ. ಸಂಸ್ಥೆಯ ಏಳಿಗೆಗೂ ತನ್ನ ಬೆಳವಣಿಗೆಗೂ ಅವಕಾಶವಿರುವ ಸವಾಲಿನ ಹುದ್ದೆ ಬೇಕೆನ್ನುವ ‘ಉದ್ದೇಶ’, ‘ಶ್ರಮಜೀವಿ’, ‘ಬೇಗ ಕಲಿಯುವ ಗುಣ’ ಎಂಬ ‘ಸಾಮರ್ಥ್ಯ’, ‘ಕ್ರಿಕೆಟ್ ನೋಡುವುದು’ ಎಂಬ ‘ಹವ್ಯಾಸ’ ಇವುಗಳಿಂದ ಪುಟ ತುಂಬುತ್ತದೆ. ಅನುಭವದ ಎದುರು ‘ಇಲ್ಲ’ ಎಂದಿರುತ್ತದೆ. 2022ರ ಕೊನೆಯಿಂದ ಬಳಕೆಗೆ ಬಂದ ಚಾಟ್‌ಜಿಪಿಟಿಯಂತಹ ಸಾಧನಗಳು ಇದೇ ವಾಕ್ಯಗಳನ್ನು ಇನ್ನಷ್ಟು ನಯವಾದ ಇಂಗ್ಲಿಷಿನಲ್ಲಿ ಕೊಡಬಲ್ಲವು. ಬರೆದವರ ಬದುಕಿನ ವಿವರವನ್ನು ಅವರೇ ಒದಗಿಸದಿದ್ದರೆ ಫಲಿತಾಂಶ ಹೆಚ್ಚೇನೂ ಬದಲಾಗದು.

ವಾಸ್ತವವಾಗಿ ‘ಇಲ್ಲ’ ಎಂದು ಬರೆದವರಲ್ಲಿ ಅನೇಕರು ವರ್ಷಗಟ್ಟಲೆ ಕೆಲಸ ಮಾಡಿರುತ್ತಾರೆ. ಅರಕಲಗೂಡು ತಾಲೂಕಿನ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬೆಳಗಿನ ಹೊತ್ತು ನೆರವಾಗುತ್ತಿದ್ದಾಳೆ ಎಂದು ಭಾವಿಸೋಣ. ‘ಡೇರಿಯಲ್ಲಿ ಸಹಾಯ’ ಎಂದು ಬರೆದರೆ ಬೆಂಗಳೂರಿನ ಓದುಗರಿಗೆ ಏನೂ ತಿಳಿಯುವುದಿಲ್ಲ. ‘ಎರಡು ವರ್ಷ, ದಿನಕ್ಕೆ ಸುಮಾರು 90 ಸದಸ್ಯರ ಹಾಲಿನ ಅಳತೆ ಮತ್ತು ಕೊಬ್ಬಿನಂಶ ದಾಖಲು, ಪಾವತಿ ಪಟ್ಟಿಯ ಲೆಕ್ಕ ತಾಳೆ ನೋಡುವುದು, ವ್ಯತ್ಯಾಸಗಳನ್ನು ಕಾರ್ಯದರ್ಶಿಯ ಗಮನಕ್ಕೆ ತಂದು ಸರಿಪಡಿಸುವುದು’ ಎಂದಾಗ ಅದು ಲೆಕ್ಕ ಸಹಾಯಕಿಯ ಹುದ್ದೆಗೆ ನೇರವಾಗಿ ಹೊಂದುವ ಅನುಭವವಾಗುತ್ತದೆ. ಇಲ್ಲಿ ಯಾವುದೂ ಉತ್ಪ್ರೇಕ್ಷೆಯಲ್ಲ. ಏನು ಮಾಡಿದೆ, ಎಷ್ಟು ಮಾಡಿದೆ, ಯಾರು ಅದನ್ನು ದೃಢಪಡಿಸಬಲ್ಲರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಷ್ಟೇ. ಆಲೂಗಡ್ಡೆ ಬೆಳೆಯುವ ಕುಟುಂಬದ ಯುವಕ ಬಿತ್ತನೆ ಗೆಡ್ಡೆಯ ಖರೀದಿ, ಕೂಲಿಯ ಲೆಕ್ಕ ಮತ್ತು ಎಪಿಎಂಸಿ ಮಾರುಕಟ್ಟೆಯ ಮಾರಾಟವನ್ನು ನೋಡಿಕೊಂಡಿದ್ದರೆ, ಗೊಬ್ಬರ ಅಥವಾ ಬೀಜದ ಕಂಪನಿಯ ಮಾರಾಟ ಪ್ರತಿನಿಧಿಯ ಹುದ್ದೆಗೆ ಅದಕ್ಕಿಂತ ಸೂಕ್ತವಾದ ಅನುಭವ ಸಿಗುವುದು ಕಷ್ಟ. ಅದೇ ಯುವಕ ತಂತ್ರಾಂಶ ಪರೀಕ್ಷಕನ ಹುದ್ದೆಗೆ ಅರ್ಜಿ ಹಾಕುವಾಗ ಈ ವಿವರ ಒಂದೇ ಸಾಲಿಗೆ ಇಳಿಯುತ್ತದೆ, ಕಾಲೇಜಿನ ಪ್ರಾಜೆಕ್ಟ್ ಮೇಲೇರುತ್ತದೆ. ಪ್ರತಿ ಹುದ್ದೆಗೂ ಸ್ವವಿವರವನ್ನು ತಿದ್ದಬೇಕೆಂಬ ಮಾತಿನ ಅರ್ಥ ಇಷ್ಟೇ.

ಸಿದ್ಧ ಉಡುಪಿನ ಘಟಕಕ್ಕೆ ಅರ್ಜಿ ಸಲ್ಲಿಸುವವರು ‘ಟೈಲರಿಂಗ್ ಗೊತ್ತು’ ಎನ್ನುವ ಬದಲು ಸಿಂಗಲ್ ನೀಡಲ್, ಓವರ್‌ಲಾಕ್ ಮುಂತಾದ ಯಾವ ಯಂತ್ರಗಳಲ್ಲಿ ಕೆಲಸ ಮಾಡಿದ್ದಾರೆಂದು ಬರೆಯಬೇಕು. ಐಟಿಐ ಫಿಟ್ಟರ್‌ಗಳು ಅಪ್ರೆಂಟಿಸ್ ತರಬೇತಿಯ ಅವಧಿ ಮತ್ತು ಬಳಸಿದ ಅಳತೆ ಉಪಕರಣಗಳನ್ನು, ಶುಶ್ರೂಷಕಿಯರು ಕೆಲಸ ಮಾಡಿದ ವಾರ್ಡು ಮತ್ತು ಅದರ ಹಾಸಿಗೆಗಳ ಸಂಖ್ಯೆಯನ್ನು ನಮೂದಿಸುವುದು ರೂಢಿ. ನಾಲ್ವರು ಸೇರಿ ಮಾಡಿದ ಎಂಜಿನಿಯರಿಂಗ್ ಪ್ರಾಜೆಕ್ಟಿನಲ್ಲಿ ತನ್ನ ಪಾಲು ಯಾವುದೆಂದು ಸ್ಪಷ್ಟವಾಗಿ ಹೇಳಬೇಕು. ಸಂದರ್ಶನದಲ್ಲಿ ಪ್ರಶ್ನೆಗಳು ಬರುವುದು ಅಲ್ಲಿಂದಲೇ.

ಮದುವೆ, ಹೆರಿಗೆ, ಹಿರಿಯರ ಅನಾರೋಗ್ಯ ಅಥವಾ ಸ್ಪರ್ಧಾತ್ಮಕ ಪರೀಕ್ಷೆಯ ಸಿದ್ಧತೆಯಿಂದ ನಡುವೆ ವರ್ಷಗಳು ಖಾಲಿಯಾಗಿದ್ದರೆ, ಅವುಗಳನ್ನು ಮುಚ್ಚಲು ದಿನಾಂಕಗಳನ್ನು ತಿರುಚುವುದಕ್ಕಿಂತ ಅರ್ಧ ಸಾಲಿನಲ್ಲಿ ಕಾರಣ ಹೇಳುವುದು ಮೇಲು.

ವೈಯಕ್ತಿಕ ವಿವರಗಳು ಮತ್ತು ತಾರತಮ್ಯ

ತಂದೆಯ ಹೆಸರು, ಧರ್ಮ, ಜಾತಿ, ವೈವಾಹಿಕ ಸ್ಥಿತಿ ಮತ್ತು ಭಾವಚಿತ್ರಗಳನ್ನು ಹಳೆಯ ನಮೂನೆಗಳು ಕೇಳುತ್ತವೆ. ಖಾಸಗಿ ಹುದ್ದೆಯ ಸ್ವವಿವರದಲ್ಲಿ ಇವುಗಳಿಗೆ ಸ್ಥಾನವಿಲ್ಲ. ಇದು ಶಿಷ್ಟಾಚಾರದ ಪ್ರಶ್ನೆಯಷ್ಟೇ ಅಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದ ಪತ್ರಿಕೆಗಳಲ್ಲಿನ ಖಾಸಗಿ ಉದ್ಯೋಗ ಜಾಹೀರಾತುಗಳಿಗೆ ಸಮಾನ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳುಹಿಸಿ ನಡೆಸಿದ ಅಧ್ಯಯನ 2007ರಲ್ಲಿ ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹಿಂದೂ ಹೆಸರಿನವರಿಗೆ ಹೋಲಿಸಿದಾಗ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆಯ ಅನುಪಾತ ದಲಿತ ಹೆಸರಿನವರಿಗೆ ಸುಮಾರು 0.67, ಮುಸ್ಲಿಂ ಹೆಸರಿನವರಿಗೆ ಸುಮಾರು 0.33 ಎಂದು ಅದು ತೋರಿಸಿತು. ಅಮೆರಿಕದಲ್ಲಿ ಬರ್ಟ್ರಂಡ್ ಮತ್ತು ಮುಲ್ಲೈನಾಥನ್ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ, ಬಿಳಿಯರದೆನಿಸುವ ಹೆಸರುಗಳಿಗೆ ಕಪ್ಪುಜನರದೆನಿಸುವ ಹೆಸರುಗಳಿಗಿಂತ ಸುಮಾರು ಶೇ. 50ರಷ್ಟು ಹೆಚ್ಚು ಕರೆಗಳು ಬಂದುದನ್ನು ದಾಖಲಿಸಿದೆ. ಸ್ವವಿವರ ಚೆನ್ನಾಗಿದ್ದರೆ ಕರೆ ಬಂದೇ ಬರುತ್ತದೆ ಎಂಬ ಮಾರ್ಗದರ್ಶಿ ಪುಸ್ತಕಗಳ ಭರವಸೆಯನ್ನು ಈ ಅಂಕಿಗಳೊಂದಿಗೆ ಇಟ್ಟು ನೋಡಬೇಕು. ಅಭ್ಯರ್ಥಿ ಹೆಸರನ್ನು ಬದಲಿಸಲಾರರು. ಕೇಳದಿರುವ ಜಾತಿ, ಧರ್ಮದ ಅಂಕಣಗಳನ್ನು ಅಳಿಸಿಹಾಕಬಲ್ಲರು. ಮೀಸಲಾತಿ ಅನ್ವಯಿಸುವ ಹುದ್ದೆಗಳಲ್ಲಿ ಮಾತ್ರ, ನಿಗದಿತ ಅರ್ಜಿಯಲ್ಲಿ, ಜಾತಿಯ ವಿವರ ಅಗತ್ಯ.

ಭಾಷೆ ಮತ್ತು ಕಡತ

ಬಹುತೇಕ ಖಾಸಗಿ ಸಂಸ್ಥೆಗಳು ಇಂಗ್ಲಿಷ್ ಸ್ವವಿವರವನ್ನು ನಿರೀಕ್ಷಿಸುತ್ತವೆ. ಸ್ಥಳೀಯ ಸಹಕಾರ ಸಂಘ, ಪತ್ರಿಕೆ ಮತ್ತು ಕನ್ನಡ ಶಾಲೆಗಳಿಗೆ ಕನ್ನಡದಲ್ಲೇ ಬರೆಯಬಹುದು. ಕನ್ನಡ ಬಲ್ಲೆ ಎಂಬುದನ್ನು ಇಂಗ್ಲಿಷ್ ಸ್ವವಿವರದಲ್ಲಿ ಕೊನೆಯ ಮೂಲೆಗೆ ತಳ್ಳುವುದು ಸರಿಯಲ್ಲ. ಬ್ಯಾಂಕು, ಆಸ್ಪತ್ರೆ, ಗ್ರಾಹಕ ಸೇವಾ ಕೇಂದ್ರಗಳಲ್ಲಿ ಅದು ಕೆಲಸಕ್ಕೆ ಬೇಕಾದ ಕೌಶಲವೇ ಆಗಿದೆ. ಕನ್ನಡ ಸ್ವವಿವರವನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಬೇಕು. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ಕಡತವನ್ನು ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಪಿಡಿಎಫ್ ರೂಪದಲ್ಲಿ, ತನ್ನ ಹೆಸರು ಮತ್ತು ಹುದ್ದೆಯ ಹೆಸರಿರುವ ಕಡತವಾಗಿ ಕಳುಹಿಸುವುದು ಒಳ್ಳೆಯ ಅಭ್ಯಾಸ. ಹೊಸಬರಿಗೆ ಒಂದು ಪುಟ ಸಾಕು.

ಸುಳ್ಳು ಅನುಭವ ಮತ್ತು ವಂಚನೆ

ಹಣ ಪಡೆದು ಅನುಭವ ಪ್ರಮಾಣಪತ್ರ ಮಾಡಿಕೊಡುವ ದಂಧೆ ಬೆಂಗಳೂರಿನಂತಹ ನಗರಗಳಲ್ಲಿದೆ. ಉದ್ಯೋಗಿಯ ಭವಿಷ್ಯ ನಿಧಿ ಖಾತೆಗಳನ್ನು ಒಂದೇ ಸಂಖ್ಯೆಗೆ ಜೋಡಿಸುವ ಯುಎಎನ್ ವ್ಯವಸ್ಥೆ 2014ರಲ್ಲಿ ಬಂದ ಮೇಲೆ, ಅಭ್ಯರ್ಥಿ ಎಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದಾರೆಂಬುದನ್ನು ಪರಿಶೀಲಿಸುವುದು ಸುಲಭವಾಗಿದೆ. ಸುಳ್ಳು ಬಯಲಾದರೆ ಕೆಲಸಕ್ಕೆ ಸೇರಿದ ನಂತರವೂ ವಜಾ ಆಗಬಹುದು.

ಇನ್ನೊಂದು ಬಗೆಯ ವಂಚನೆಯಲ್ಲಿ ಅಭ್ಯರ್ಥಿಯೇ ಬಲಿಪಶು. ಜಾಲತಾಣಕ್ಕೆ ಏರಿಸಿದ ಸ್ವವಿವರದಿಂದ ದೂರವಾಣಿ ಸಂಖ್ಯೆ ಪಡೆದವರು, ಆಯ್ಕೆಯಾಗಿದ್ದೀರಿ ಎಂದು ಹೇಳಿ ನೋಂದಣಿ, ತರಬೇತಿ ಅಥವಾ ಲ್ಯಾಪ್‌ಟಾಪ್ ಠೇವಣಿಯ ಹೆಸರಿನಲ್ಲಿ ಹಣ ಕೇಳುತ್ತಾರೆ. ಸಂದರ್ಶನಕ್ಕೆ ಮೊದಲು ಹಣ ಕೇಳುವವರನ್ನು ನಂಬಬಾರದು. ಹಣ ಕಳೆದುಕೊಂಡವರು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಸಲ್ಲಿಸಿದ ನಂತರ

ಯಾವ ಸಂಸ್ಥೆಗೆ, ಯಾವ ದಿನ, ಯಾವ ಸ್ವವಿವರ ಕಳುಹಿಸಲಾಗಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಅನುಕೂಲಕರ. ಒಂದು ವಾರದ ನಂತರ ಮಿಂಚಂಚೆಯ ಮೂಲಕ ವಿಚಾರಿಸುವುದರಲ್ಲಿ ತಪ್ಪಿಲ್ಲ. ಇಪ್ಪತ್ತು ಮೂವತ್ತು ಅರ್ಜಿಗಳಿಗೂ ಕರೆ ಬಾರದಿದ್ದರೆ ಹುದ್ದೆಯ ಆಯ್ಕೆಯನ್ನೂ ಸ್ವವಿವರವನ್ನೂ ಮರುಪರಿಶೀಲಿಸಬೇಕು. ಕರೆ ಬಂದು ಸಂದರ್ಶನದಲ್ಲಿ ಮಾತ್ರ ವಿಫಲವಾಗುತ್ತಿದ್ದರೆ ತಿದ್ದಬೇಕಾದದ್ದು ಸ್ವವಿವರವನ್ನಲ್ಲ. ಕರೆ ಬಂದಾಗ ಸಂಸ್ಥೆಯ ಹೆಸರು, ವಿಳಾಸ, ವೇಳೆ ಮತ್ತು ಸಂದರ್ಶನ ಆನ್‌ಲೈನ್ ಆಗಿ ನಡೆಯಬಹುದೇ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಅರಕಲಗೂಡಿನಿಂದ ಬೆಳಗಿನ ಮೊದಲ ಬಸ್ಸು ಹಿಡಿದರೂ 10 ಗಂಟೆಗೆ ಬೆಂಗಳೂರು ತಲುಪುವುದು ಖಚಿತವಲ್ಲ. ಮಧ್ಯಾಹ್ನದ ವೇಳೆಯನ್ನು ಕೇಳಿಕೊಂಡರೆ ಅನೇಕ ಸಂಸ್ಥೆಗಳು ಒಪ್ಪುತ್ತವೆ.